ಸರ್ಕಾರದ ಅರಿಶಿಣ

ಮನುಷ್ಯನ ಮೈಬಣ್ಣ ಯಾವುದೆಂದು ತೀರ್ಮಾನಿಸುವ ಅಧಿಕಾರ ಕನ್ನಡಿಗೆ ಸೇರಿದ್ದು ಎಂದು ತಿಳಿದಿರುವವರು ಮದುವೆಯ ಮಾತುಕತೆಗೆ ಇನ್ನೂ ಕೂತಿಲ್ಲದವರು ಎಂದೇ ನನ್ನ ಭಾವನೆ. ಆ ಅಧಿಕಾರ ಹುಡುಗನ ಸೋದರಮಾವನದು. ಸೋದರಮಾವಂದಿರ ನಿಘಂಟಿನಲ್ಲಿ ಕಪ್ಪು ಎಂಬ ಶಬ್ದವೇ ಇಲ್ಲ. ಹುಡುಗ ಸ್ವಲ್ಪ ಕಪ್ಪಗಿದ್ದರೆ ಗೋಧಿ ಬಣ್ಣ, ಇನ್ನೂ ಕಪ್ಪಗಿದ್ದರೆ ಎಣ್ಣೆಗೆಂಪು, ಅದಕ್ಕಿಂತಲೂ ಕೆಳಗಿಳಿದರೆ 'ಹುಡುಗ ಲಕ್ಷಣವಾಗಿದ್ದಾನೆ'. ನಾನು ಹುಟ್ಟಿದಂದಿನಿಂದ ಲಕ್ಷಣವಾಗಿರುವವನು. ಆದರೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಕೆಲವು ತಿಂಗಳು ಮಾತ್ರ ನಾನು ಅಪ್ಪಟ ಬಂಗಾರದ ಬಣ್ಣದವನಾಗಿದ್ದೆ. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ. ಆ ಬಣ್ಣವನ್ನು ದಯಪಾಲಿಸಿದ್ದು ಸರ್ಕಾರ. ಹೊಳೆನರಸೀಪುರದ ಸಮಸ್ತ ಪ್ರಜೆಗಳ ಜೊತೆಗೆ ನನಗೂ ಒಂದು ಪಾಲು ಬಂದಿತ್ತು, ಅಷ್ಟೆ. ಊರಿನವರೆಲ್ಲ ಆ ಬಣ್ಣವನ್ನು ಸುಮ್ಮನೆ ಹೊತ್ತು ತಿರುಗಿದರು. ನನ್ನ ಮದುವೆ ಮಾತ್ರ ಅದರಲ್ಲಿ ಸಿಕ್ಕಿಕೊಂಡು ಒದ್ದಾಡಿತು.

ನಮ್ಮದು ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ. ಹೇಮಾವತಿ ಹೊಳೆ, ಅದರಿಂದ ಹೊರಟ ನಾಲೆ, ನಾಲೆಯ ನೀರು ನಿಂತ ಗದ್ದೆ, ಇವೆಲ್ಲ ಊರಿಗೆ ಭತ್ತವನ್ನು ಕೊಟ್ಟಷ್ಟೇ ಧಾರಾಳವಾಗಿ ಸೊಳ್ಳೆಯನ್ನೂ ಕೊಟ್ಟಿದ್ದವು. ಸೊಳ್ಳೆಯ ಹಿಂದೆ ಚಳಿಜ್ವರ. ಈಗಿನವರಿಗೆ ಜ್ವರವೆಂದರೆ ಯಾವಾಗಲೋ ಬಂದು ಯಾವಾಗಲೋ ಹೋಗುವ, ಶಿಸ್ತಿಲ್ಲದ ಪದಾರ್ಥ. ನಮ್ಮ ಕಾಲದ ಚಳಿಜ್ವರ ಹಾಗಿರಲಿಲ್ಲ. ಅದು ಒಂದು ದಿನ ಬಿಟ್ಟು ಒಂದು ದಿನ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ತಾಲ್ಲೂಕು ಕಚೇರಿಯ ಗುಮಾಸ್ತರಿಗಿಂತ ಕ್ರಮವಾಗಿ ಹಾಜರಾಗುತ್ತಿತ್ತು. ಹೀಗಾಗಿ ಊರಿನ ವ್ಯವಹಾರವೆಲ್ಲ ಜ್ವರದ ದಿನ ನೋಡಿಕೊಂಡೇ ನಡೆಯಬೇಕಾಗಿತ್ತು. “ನಿಮ್ಮದು ಯಾವ ದಿನ?” ಎಂದು ಕೇಳಿಕೊಂಡ ಮೇಲೆಯೇ ನಾಟಿಗೆ ಆಳು ಕರೆಯುತ್ತಿದ್ದರು, ಮನೆಗೆ ಊಟಕ್ಕೆ ಹೇಳುತ್ತಿದ್ದರು, ಕೋರ್ಟಿನಲ್ಲಿ ವಾಯಿದೆ ಕೇಳುತ್ತಿದ್ದರು. ನಮ್ಮ ಬೀದಿಯ ಇಬ್ಬರು ಯಜಮಾನರು ಎರಡು ಮನೆಯ ನಡುವಿನ ಗೋಡೆಯ ವಿಷಯದಲ್ಲಿ ಜಗಳವಾಡಿಕೊಂಡಿದ್ದರು. ಒಬ್ಬರ ಜ್ವರ ಇವತ್ತಾದರೆ ಇನ್ನೊಬ್ಬರದು ನಾಳೆ. ಒಬ್ಬರು ಕಂಬಳಿಯಿಂದ ಎದ್ದು ಬರುವಾಗ ಇನ್ನೊಬ್ಬರು ಕಂಬಳಿಯೊಳಗೆ ಹೋಗಿರುತ್ತಿದ್ದರು. ಆ ಜಗಳಕ್ಕೆ ಇಬ್ಬರೂ ಒಟ್ಟಿಗೆ ಸಿಕ್ಕುವ ಯೋಗವೇ ಕೂಡಿ ಬರದೆ, ಗೋಡೆ ಬಹಳ ಕಾಲ ನೆಮ್ಮದಿಯಾಗಿ ನಿಂತಿತ್ತು.

ಯುದ್ಧ ಬಂತು. ಚಳಿಜ್ವರದ ಮದ್ದಾದ ಕ್ವಿನೈನ್ ಬರುತ್ತಿದ್ದ ಜಾವಾ ದ್ವೀಪ ಜಪಾನಿನವರ ಕೈಗೆ ಹೋಯಿತು. ಅಂಚೆ ಕಚೇರಿಯಲ್ಲಿ ಕಾರ್ಡು ಕವರುಗಳ ಜೊತೆಗೆ ಸಿಗುತ್ತಿದ್ದ ಕ್ವಿನೈನ್ ಪೊಟ್ಟಣಗಳು ಮಾಯವಾದವು. ಆ ಜಾಗಕ್ಕೆ ಒಂದು ಹೊಸ ಹಳದಿ ಮಾತ್ರೆ ಬಂತು. ಅದರ ಹೆಸರು ಮೆಪಾಕ್ರಿನ್. ನಮ್ಮ ಅವ್ವ ಅದನ್ನು ಕೊನೆಯವರೆಗೂ 'ಮಹಾಪಾಕ' ಎಂದೇ ಕರೆದಳು. ಅಷ್ಟು ಕಹಿಯಾದ ಪದಾರ್ಥಕ್ಕೆ ಅಷ್ಟು ಸಿಹಿಯಾದ ಹೆಸರನ್ನು ಕೊಡುವುದಕ್ಕೆ ದೊಡ್ಡ ಮನಸ್ಸು ಬೇಕು. ಮಾತ್ರೆಯ ಜೊತೆಗೆ ಒಬ್ಬ ಹೆಲ್ತ್ ಇನ್‌ಸ್ಪೆಕ್ಟರೂ ಬಂದರು. ಅವರಿಗೆ ತಂದೆತಾಯಿ ಇಟ್ಟ ಹೆಸರು ಏನಿತ್ತೋ, ಊರಿನಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಅವರು ಮಾತ್ರೆ ಸಾಹೇಬರು. ಖಾಕಿ ಕೋಟು, ಸೈಕಲ್ಲು, ಹಿಂದೆ ತಾಮ್ರದ ಬಿಂದಿಗೆಯಲ್ಲಿ ನೀರು ಹೊತ್ತ ಒಬ್ಬ ಜವಾನ. ಮೊದಲನೆಯ ದಿನ ನಮ್ಮ ಅಂಗಡಿಯ ಜಗುಲಿಯ ಮೇಲೆಯೇ ನಿಂತು ಅವರು ಪೇಟೆ ಬೀದಿಗೆ ಉಪನ್ಯಾಸ ಕೊಟ್ಟರು.

“ಜ್ವರ ಬಂದೋರಿಗೆ ಮಾತ್ರ ಕೊಟ್ಟರೆ ಪ್ರಯೋಜನ ಇಲ್ಲ. ನನಗೇನೂ ಆಗಿಲ್ಲ ಅಂತ ತಿಳ್ಕೊಂಡಿರೋರ ರಕ್ತದಲ್ಲೂ ಆ ಕ್ರಿಮಿ ಕೂತಿರುತ್ತೆ. ಸೊಳ್ಳೆ ಅದನ್ನ ನಿಮ್ಮಿಂದ ಈಸ್ಕೊಂಡು ಪಕ್ಕದ ಮನೆಯೋರಿಗೆ ಕೊಡುತ್ತೆ. ಆದ್ದರಿಂದ ಊರಿಗೆ ಊರೇ ನುಂಗಬೇಕು. ಒಬ್ಬರು ತಪ್ಪಿಸ್ಕೊಂಡ್ರೂ ಮಿಕ್ಕೋರು ನುಂಗಿದ್ದು ದಂಡ.”

ನಮ್ಮ ಅಪ್ಪಾಜಿ ತಕ್ಕಡಿ ಹಿಡಿದುಕೊಂಡೇ ತಲೆಯಾಡಿಸಿದರು. “ಪಕ್ಕದ ಮನೆಯೋರು ಒಂದೆಸಳು ಕರಿಬೇವು ಕೊಡೋಕೆ ಹಿಂದೆಮುಂದೆ ನೋಡ್ತಾರೆ. ಜ್ವರ ಮಾತ್ರ ಕೇಳದೇನೇ ಕೊಡ್ತಾರೆ ಅನ್ನಿ ಸಾ.”

ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಮಾತ್ರೆಯ ಸಂತರ್ಪಣೆ. ಬಸುರಿಯರನ್ನೂ ಹಸುಗೂಸುಗಳನ್ನೂ ಬಿಟ್ಟು ಮಿಕ್ಕವರೆಲ್ಲ ಬೀದಿಯಲ್ಲಿ ಸಾಲಾಗಿ ನಿಲ್ಲಬೇಕು. ಸಾಹೇಬರು ಅಂಗೈಗೆ ಮಾತ್ರೆ ಹಾಕುತ್ತಿದ್ದರು, ಜವಾನ ಬೊಗಸೆಗೆ ನೀರು ಹಾಕುತ್ತಿದ್ದ. ನುಂಗಿದ ಮೇಲೆ “ಬಾಯಿ ಬಿಡಿ, ನಾಲಿಗೆ ಎತ್ತಿ” ಎಂದು ಹೇಳಿ, ಕಳೆದುಹೋದ ಓಲೆಯನ್ನು ಹುಡುಕುವವರ ಹಾಗೆ ನಮ್ಮ ಬಾಯೊಳಗೆ ಇಣುಕುತ್ತಿದ್ದರು. ಶಿರಸ್ತೇದಾರರು, ಮಠದ ಸ್ವಾಮಿಗಳು, ಪೋಲೀಸಿನವರು, ಕ್ಷೌರದ ಕೆಂಚ, ಎಲ್ಲರೂ ಒಂದೇ ಸಾಲಿನಲ್ಲಿ ಬಾಯಿ ತೆರೆದುಕೊಂಡು ನಿಂತ ಆ ದೃಶ್ಯವನ್ನು ಈಗ ನೆನೆಸಿಕೊಂಡರೆ ಮನಸ್ಸು ತುಂಬಿ ಬರುತ್ತದೆ. ಅಷ್ಟು ಮಂದಿಯ ದವಡೆ ಹಲ್ಲುಗಳನ್ನು ಅಷ್ಟು ಹತ್ತಿರದಿಂದ ಬಲ್ಲವರು ಆ ಊರಿನಲ್ಲಿ ಹಿಂದೆ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಕೆಲವು ವಾರ ಕಳೆಯಿತು. ಜ್ವರ ನಿಂತಿತು. ಗೋಡೆಯ ಯಜಮಾನರಿಬ್ಬರೂ ಒಂದೇ ದಿನ ಆರೋಗ್ಯವಾಗಿ ಬೀದಿಗೆ ಬಂದು ಬಾಕಿ ಉಳಿದಿದ್ದ ಜಗಳವನ್ನು ಮುಗಿಸಿಕೊಂಡರು. ಅದರ ಜೊತೆಗೇ ಊರು ಹಳದಿಯಾಗತೊಡಗಿತು. ಮೊದಲು ಅಂಗೈ, ಆಮೇಲೆ ಮುಖ, ಆಮೇಲೆ ಮೈಯೆಲ್ಲ. ಕೆಂಪಗಿದ್ದವರು ಮಾಗಿದ ನಿಂಬೆಹಣ್ಣಿನ ಹಾಗಾದರು. ನನ್ನಂಥ ಲಕ್ಷಣವಂತರು ಹೊಸದಾಗಿ ಬೆಳಗಿದ ಹಿತ್ತಾಳೆ ತಂಬಿಗೆಯ ಹಾಗಾದೆವು. ಮೊದಲು ಸ್ವಲ್ಪ ಗಾಬರಿಯಾಯಿತು. ಕಾಮಾಲೆ ಎಂದು ಕೆಲವರು ನೆಲನೆಲ್ಲಿ ಕಿತ್ತು ತಂದರು. “ಇದು ಮಾತ್ರೆಯ ಬಣ್ಣ, ಏನೂ ಅಪಾಯ ಇಲ್ಲ, ನಿಲ್ಲಿಸಿದರೆ ತಾನೇ ಹೋಗುತ್ತೆ” ಎಂದು ಸಾಹೇಬರು ಮನೆಮನೆಗೆ ಹೋಗಿ ಹೇಳಿದರು. ಅವರೂ ನಮ್ಮಷ್ಟೇ ಹಳದಿಯಾಗಿದ್ದುದರಿಂದ ಜನ ನಂಬಿದರು. ಆಮೇಲೆ ಅದೇ ಒಂದು ಮರ್ಯಾದೆಯಾಯಿತು. ಹಳದಿಯಾಗದವನು ಮಾತ್ರೆಯನ್ನು ಬಾಯಲ್ಲಿಟ್ಟುಕೊಂಡು ಮರೆಗೆ ಹೋಗಿ ಉಗಿದವನು ಎಂದೇ ಅರ್ಥ. ಹಳದಿಯಾಗದ ಹೊಸ ಸೊಸೆಯನ್ನು ಕಂಡರೆ ಬೀದಿಯ ಹೆಂಗಸರು ಬೇರೆ ಲೆಕ್ಕ ಹಾಕಿ, ಅವಳ ಅತ್ತೆಯ ಹತ್ತಿರ ಹೋಗಿ “ಯಾವಾಗ?” ಎಂದು ಕೇಳಿ ಬರುತ್ತಿದ್ದರು.

ನನಗೆ ಚನ್ನರಾಯಪಟ್ಟಣದಿಂದ ಹೆಣ್ಣು ಗೊತ್ತಾದದ್ದು ಈ ಸುವರ್ಣಯುಗದಲ್ಲಿ. ಗೊತ್ತು ಮಾಡಿದವರು ನನ್ನ ಸೋದರಮಾವ, ಅರಕಲಗೂಡಿನ ಪುಟ್ಟಪ್ಪ. ಅರಕಲಗೂಡಿಗೆ ಆಗಿನ್ನೂ ಮಾತ್ರೆ ಹೋಗಿರಲಿಲ್ಲ. ಆದ್ದರಿಂದ ಅವರು ಮೊದಲಿನ ಬಣ್ಣದಲ್ಲೇ ಇದ್ದರು. ಹುಡುಗಿಯ ತಂದೆ ಕೊಬ್ಬರಿ ವ್ಯಾಪಾರದ ಚನ್ನಬಸಪ್ಪನವರು. ಮನೆಯ ಯಜಮಾನಿಕೆ ಅವರ ತಾಯಿ ನಂಜಮ್ಮನವರದು. ಹುಡುಗಿಯ ಹೆಸರು ಸರ್ವಮಂಗಳೆ. ಮಾವ ಮೊದಲೇ ಹೋಗಿ ನನ್ನನ್ನು ವರ್ಣಿಸಿ ಬಂದಿದ್ದರು. ಏನು ಹೇಳಿದ್ದರೆಂದು ಕೇಳಿದೆ. “ಇನ್ನೇನ್ ಹೇಳ್ಲಿ, ಎಣ್ಣೆಗೆಂಪು ಅಂದೆ. ಈಗ ನೋಡಿದ್ರೆ ಅದಕ್ಕಿಂತ ವಾಸಿ ಆಗಿದ್ದೀಯ. ನಡಿ, ಇದು ಬಿಡೋದ್ರೊಳಗೆ ಹೋಗ್ಬಿಡೋಣ” ಎಂದರು.

ಅಪ್ಪಾಜಿ, ಅವ್ವ, ಮಾವ, ನಾನು, ನಾಲ್ವರೂ ಬಸ್ಸು ಹತ್ತಿದೆವು. ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ ಅದು. ಬಸ್ಸಿನ ಹಿಂಭಾಗದಲ್ಲಿ ಒಂದು ದೊಡ್ಡ ಒಲೆ. ಅದನ್ನು ತಿದಿಯೊತ್ತಿ ಉರಿಸಿ, ಹೊಗೆ ಬಂದ ಮೇಲೆ ಪ್ರಯಾಣ. ಏರು ಸಿಕ್ಕಿದರೆ ಗಂಡಸರೆಲ್ಲ ಇಳಿದು ನೂಕಬೇಕು. ಹೆಣ್ಣು ನೋಡುವುದಕ್ಕೆ ಹೊರಟ ಗಂಡು ಎಂಬ ರಿಯಾಯಿತಿ ನನಗೂ ಸಿಗಲಿಲ್ಲ. ಚನ್ನರಾಯಪಟ್ಟಣದಲ್ಲಿ ಇಳಿಯುವ ಹೊತ್ತಿಗೆ ನಾವು ನಾಲ್ವರೂ ಕಮ್ಮಾರನ ಮನೆಯಿಂದ ಬಂದವರ ಹಾಗಿದ್ದೆವು. ಅದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಆಗ ಬಸ್ಸಿನಲ್ಲಿ ಬಂದ ನೆಂಟರೆಲ್ಲ ಹಾಗೆಯೇ ಬರುತ್ತಿದ್ದರು. ಚನ್ನಬಸಪ್ಪನವರು ಜಗುಲಿಯಲ್ಲೇ ನೀರು ಕೊಡಿಸಿದರು. ನಾವು ಕೈಕಾಲು ಮುಖ ತೊಳೆದೆವು. ಕರಿಯೆಲ್ಲ ಇಳಿದು ಹೋಯಿತು. ಒಳಗಿನಿಂದ ಹಳದಿ ಹೊರಗೆ ಬಂತು.

ಅಜ್ಜಿ ನಂಜಮ್ಮನವರು ನಡುಮನೆಯ ಕಂಬಕ್ಕೆ ಒರಗಿ ಕೂತು, ಕಣ್ಣಿನ ಮೇಲೆ ಕೈಯಿಟ್ಟುಕೊಂಡು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ ಪಿಸುಮಾತಿನಲ್ಲಿ ಕೇಳಿದರು. ಅವರ ಪಿಸುಮಾತು ಸಂತೆಯ ಆ ತುದಿಗೆ ಕೇಳಿಸುವಂಥದು. “ಏನವ್ವಾ ಇದು, ನಾವು ಒಪ್ಪಾಕ್ ಮುಂಚೇನೇ ಗಂಡು ಅರಿಸ್ನ ಅಚ್ಚಿಸ್ಕೊಂಡು ಬಂದದೆ?”

ಅಜ್ಜಿ ಮುಂದುವರಿಸಿದರು. “ಗಂಡಿಗೆ ಅಚ್ಚಿದ್ರೆ ಅಚ್ಲಿ. ಗಂಡಿನ ಅಪ್ಪಂಗೂ ಅಚ್ಚವ್ರಲ್ಲ. ಅವ್ರಿಗೂ ಇನ್ನೊಂದು ಮದುವೆಯಾ?”

ಅಪ್ಪಾಜಿ ಕೆಮ್ಮಿದರು. “ಇದು ಅರಿಶಿಣ ಅಲ್ಲ ಅಜ್ಜಿ. ಚಳಿಜ್ವರಕ್ಕೆ ಸರ್ಕಾರದೋರು ಮಾತ್ರೆ ಕೊಡ್ತಾರೆ. ಊರಿಗೆಲ್ಲ ಕೊಡ್ತಾರೆ. ಅದರ ಬಣ್ಣ.”

“ಸರ್ಕಾರ ರಾಗಿ ಕಿತ್ಕೊಳ್ಳದು ಕೇಳಿವ್ನಿ. ಅರಿಸ್ನ ಅಚ್ಚದು ಕೇಳಿಲ್ಲಪ್ಪ” ಎಂದರು ಅಜ್ಜಿ. ಪುಟ್ಟಪ್ಪ ಮಾವನ ಕಡೆ ತಿರುಗಿ, “ಊರಿಗೆಲ್ಲ ಕೊಡದಾದ್ರೆ ನಿಂಗ್ಯಾಕೆ ಕೊಟ್ಟಿಲ್ಲ? ನೀನೊಬ್ಬ ಮನುಸ್ಯನಂಗಿದ್ದೀಯ” ಎಂದರು. ಮಾವ ತಾನು ಬೇರೆ ಊರಿನವನೆಂದು ಹೇಳುವ ಬದಲು, ಹೊಗಳಿಕೆಗೆ ಕರಗಿ ಮುಗುಳ್ನಕ್ಕುಬಿಟ್ಟರು. ಅಲ್ಲಿಗೆ ನಮ್ಮ ವಾದ ಬಿದ್ದುಹೋಯಿತು.

ಅಜ್ಜಿಯ ಭಯ ತಮಾಷೆಯದಾಗಿರಲಿಲ್ಲ. ಮದುವೆಗೆಂದು ಅರಿಶಿಣ ಬಿದ್ದ ಮೈ ತಾಳಿ ಕಟ್ಟದೆ ಹಾಗೇ ಉಳಿಯಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಅರಿಶಿಣ ಮೈಮೇಲಿದ್ದೂ ಹೆಣ್ಣು ಹುಡುಕಿಕೊಂಡು ಬಂದ ಗಂಡೆಂದರೆ, ಬೇರೆ ಎಲ್ಲೋ ಮದುವೆ ಚಪ್ಪರದ ತನಕ ಹೋಗಿ ಮುರಿದುಬಿದ್ದಿರಬೇಕು. ಯಾಕೆ ಮುರಿಯಿತು ಎಂಬುದನ್ನು ಅವರವರ ಕಲ್ಪನೆಗೆ ಬಿಟ್ಟದ್ದು. ಚನ್ನಬಸಪ್ಪನವರ ಮನೆಯ ನಡುಮನೆಯಲ್ಲಿ ಆಗ ಹತ್ತಾರು ಮಂದಿ ಇದ್ದರು. ಎಲ್ಲರ ಕಲ್ಪನೆಯೂ ಕೆಲಸ ಮಾಡುತ್ತಿದ್ದುದು ನನಗೆ ಕೂತಲ್ಲಿಂದಲೇ ಗೊತ್ತಾಗುತ್ತಿತ್ತು.

ಇಷ್ಟರಲ್ಲಿ ಹುಡುಗಿ ಬೆಲ್ಲದ ಕಾಫಿ ತಂದಳು. ಹೆಣ್ಣು ತಲೆ ಎತ್ತಬಾರದೆಂಬುದು ಕಟ್ಟಳೆ. ಅವಳು ಲೋಟ ಕೊಡುವಾಗ ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ ಕೆಳತುಟಿಯನ್ನು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಳು. ಭುಜ ಮಾತ್ರ ಸಣ್ಣಗೆ ಕುಲುಕಿತು. ಅವಳು ನಗುವನ್ನು ನುಂಗಿದ ರೀತಿಯನ್ನು ನೋಡಿ, ಇವಳಿಗೆ ಮಾತ್ರೆ ನುಂಗುವುದು ಏನೂ ಕಷ್ಟವಾಗಲಾರದು ಎಂದುಕೊಂಡೆ. ನಾನು ಮದುವೆಯಾದರೆ ಈ ಹುಡುಗಿಯನ್ನೇ ಎಂದು ತೀರ್ಮಾನಿಸಿದ್ದೂ ಆ ಗಳಿಗೆಯಲ್ಲಿಯೇ. ಚನ್ನಬಸಪ್ಪನವರು ಬಸ್ಸಿನ ತನಕ ಬಂದು, “ತಿಳಿಸ್ತೀವಿ” ಎಂದರು. ಹೆಣ್ಣಿನ ಕಡೆಯವರು ತಿಳಿಸುತ್ತೇವೆ ಎಂದರೆ ಏನು ಎಂಬುದು ಎಲ್ಲರಿಗೂ ತಿಳಿದೇ ಇದೆ. ವಾಪಸು ಬರುವಾಗ ಬಸ್ಸನ್ನು ನೂಕುವುದಕ್ಕೂ ನನಗೆ ಉತ್ಸಾಹವಿರಲಿಲ್ಲ.

ಆದರೂ ಅವರು ತಿಳಿಸಿದರು. ಪುಟ್ಟಪ್ಪ ಮಾವ ತಮ್ಮ ಮುಗುಳ್ನಗೆಯ ಪ್ರಾಯಶ್ಚಿತ್ತಕ್ಕೆಂದು ಮತ್ತೆ ಹೋಗಿ, ಕಾಲಿಗೆ ಬೀಳುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡಿ ಬಂದರು. ಅಜ್ಜಿಯ ತೀರ್ಪು ಹೀಗಿತ್ತು: “ಅದು ಮಾತ್ರೆ ಬಣ್ಣವೇ ಆಗಿದ್ರೆ ಮಾತ್ರೆ ಬಿಟ್ರೆ ಓಗ್ಬೇಕಲ್ವಾ? ಓಗ್ಲಿ. ಆಸಾಡ ಉಟ್ಟಾಕ್ ಮುಂಚೆ ನಾನೇ ನಿಮ್ಮೂರಿಗೆ ಬಂದು ನೋಡ್ತೀನಿ. ಮೈ ಬಣ್ಣ ಮೈ ಬಣ್ಣದಂಗೇ ಇದ್ರೆ ಎಣ್ಣು ಕೊಡ್ತೀನಿ.”

ಮನೆಯಲ್ಲಿ ಸಭೆ ಕೂತಿತು. ಅವ್ವ ಮಾತಿಗೆ ಕಾಯಲಿಲ್ಲ. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣನ್ನು ತಂದು ನನ್ನ ಬೆನ್ನಿಗೆ ಹಚ್ಚಿ ತೆಂಗಿನ ನಾರಿನಲ್ಲಿ ಉಜ್ಜಿದಳು. ಅದು ಹೋಗದಿದ್ದಾಗ ಸೀಗೆಪುಡಿ, ಕಡಲೆಹಿಟ್ಟು, ಕೊನೆಗೆ ಒಲೆಯ ಬೂದಿ. ನಾನು ಇನ್ನೂ ಫಳಫಳ ಹೊಳೆಯತೊಡಗಿದೆನೇ ಹೊರತು ಹಳದಿ ಅಲ್ಲಾಡಲಿಲ್ಲ. ಉಳಿದದ್ದು ಒಂದೇ ದಾರಿ. ಅಪ್ಪಾಜಿ ನನ್ನನ್ನು ಕರೆದುಕೊಂಡು ಮಾತ್ರೆ ಸಾಹೇಬರ ಹತ್ತಿರ ಹೋಗಿ ವಿಷಯವನ್ನೆಲ್ಲ ಬಿಚ್ಚಿ ಹೇಳಿ, ಹುಡುಗನಿಗೆ ಒಂದಿಷ್ಟು ದಿನ ಮಾತ್ರೆಯಿಂದ ರಜ ಕೊಡಬೇಕೆಂದು ಬೇಡಿಕೊಂಡರು.

ಸಾಹೇಬರು ಸೈಕಲ್ಲಿನ ಗಂಟೆಯ ಮೇಲೆ ಕೈಯಾಡಿಸಿದರು. “ನೋಡಿ ಯಜಮಾನ್ರೇ, ಇವನಿಗೆ ಬಿಟ್ಟರೆ ನಾಳೆ ಊರಿನಲ್ಲಿರೋ ಮದುವೆ ಗಂಡುಗಳೆಲ್ಲ ಬರ್ತಾರೆ. ಅಲ್ಲದೆ ಇವನ ಮೈಯಲ್ಲಿ ಜ್ವರ ಕೂತಿದೆ. ನಿಲ್ಲಿಸಿದರೆ ಏಳುತ್ತೆ.”

“ಎದ್ದರೆ ಏಳಲಿ ಸಾ” ಎಂದೆ ನಾನು.

ಅವರು ನನ್ನನ್ನೇ ನೋಡಿದರು. ಪ್ರಾಯದ ಹುಡುಗರ ಮುಖದಲ್ಲಿ ಸಾಹೇಬರುಗಳಿಗೂ ಅರ್ಥವಾಗುವಂಥದು ಏನೋ ಇರುತ್ತದೆಂದು ಕಾಣುತ್ತದೆ. “ಸೊಳ್ಳೆಪರದೆ ಒಳಗೇ ಮಲಗಬೇಕು. ಸಾಯಂಕಾಲ ಆದ ಮೇಲೆ ಹೊರಗೆ ಕಾಲಿಡಬಾರದು. ನಿನ್ನ ಜ್ವರ ನಿನ್ನ ಹತ್ರಾನೇ ಇರಬೇಕು” ಎಂದು ಹೇಳಿ ಹೊರಟುಹೋದರು.

ಮಾತ್ರೆ ನಿಂತಿತು. ದಿನಾ ಬೆಳಿಗ್ಗೆ ಅವ್ವ ನನ್ನನ್ನು ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ ಅಂಗೈ ನೋಡುತ್ತಿದ್ದಳು. ಊರೆಲ್ಲ ಸಾಲಿನಲ್ಲಿ ನಿಂತು ಬಾಯಿ ತೆರೆಯುವಾಗ ನಾನೊಬ್ಬ ಸೊಳ್ಳೆಪರದೆಯೊಳಗೆ ಕೂತು ನನ್ನ ಸ್ವಂತ ಬಣ್ಣಕ್ಕೆ ಕಾಯುತ್ತಿದ್ದೆ. ಮನುಷ್ಯ ಬೆಳ್ಳಗಾಗಲಿ ಎಂದು ಕಾಯುವುದನ್ನು ಎಲ್ಲರೂ ಬಲ್ಲರು. ಕಪ್ಪಗಾಗಲಿ ಎಂದು ಶಿವನಿಗೆ ಹರಸಿಕೊಂಡವನು ನಾನೊಬ್ಬನೇ ಇರಬೇಕು. ನಿಧಾನವಾಗಿ ಬಣ್ಣ ಇಳಿಯಿತು. ಅಜ್ಜಿ ಬರುವ ದಿನ ಹತ್ತಿರ ಬಂದಾಗ ನಾನು ಮುಕ್ಕಾಲು ಪಾಲು ಲಕ್ಷಣವಾಗಿದ್ದೆ. ಅಷ್ಟರಲ್ಲಿ, ಸಾಹೇಬರು ಹೇಳಿದ ಹಾಗೆಯೇ, ಚಳಿಜ್ವರ ಎದ್ದು ಕೂತಿತು.

ಶನಿವಾರ ಜ್ವರ ಬಂತು, ಒಂದು ದಿನ ಬಿಟ್ಟು ಸೋಮವಾರ ಬಂತು. ಅಪ್ಪಾಜಿ ವ್ಯಾಪಾರದ ತಲೆಯವರು. ಧೃತಿಗೆಡಲಿಲ್ಲ. “ಬುಧವಾರ ಜ್ವರದ ದಿನ. ಗುರುವಾರ ಬಿಡುವು. ಅಜ್ಜೀನ ಗುರುವಾರವೇ ಕರೆಸೋಣ” ಎಂದು ಹೇಳಿ ಕಳುಹಿಸಿದರು. ಗುರುವಾರ ಬೆಳಿಗ್ಗೆ ನಾನು ತಲೆ ಬಾಚಿ, ಮಗ್ಗದ ಪಂಚೆ ಉಟ್ಟು, ವಿಭೂತಿ ಇಟ್ಟುಕೊಂಡು ಸಿದ್ಧನಾಗಿ ಕೂತೆ. ಬಸ್ಸು ಬರಲಿಲ್ಲ. ಸಾಯಂಕಾಲವಾಯಿತು. ಬರಲಿಲ್ಲ. ಯಾವುದೋ ಕೆರೆಯ ಏರಿಯ ಮೇಲೆ ಒಲೆ ಆರಿಹೋಗಿ ಬಸ್ಸು ನಿಂತು, ಅಜ್ಜಿ, ಚನ್ನಬಸಪ್ಪನವರು ಇಬ್ಬರೂ ಅಲ್ಲೇ ಹತ್ತಿರದ ಹಳ್ಳಿಯ ನೆಂಟರ ಮನೆಯಲ್ಲಿ ಉಳಿದಿದ್ದರಂತೆ. ಮಾರನೆಯ ದಿನ ಮಧ್ಯಾಹ್ನ ಅವರು ನಮ್ಮ ಜಗುಲಿ ಹತ್ತುವುದಕ್ಕೂ ನನ್ನ ಬೆನ್ನಿನ ಹುರಿಯಲ್ಲಿ ತಣ್ಣನೆಯ ಇಲಿಯೊಂದು ಓಡುವುದಕ್ಕೂ ಸರಿಹೋಯಿತು. ಜ್ವರದ ಕ್ರಮಬದ್ಧತೆಯನ್ನು ನಾನು ಶಪಿಸಿದ್ದು ಅದೇ ಮೊದಲು.

ಚಳಿ ಬಂದವನನ್ನು ಕೂರು ಎಂದರೆ ಕೂರಲಾರ. ಅವ್ವ ನನ್ನನ್ನು ಮಲಗಿಸಿ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೇರಿದಳು. ಹಲ್ಲು ಕಟಕಟ, ಮಂಚವೂ ಕಟಕಟ. ಅಜ್ಜಿ ನೇರವಾಗಿ ಒಳಗೆ ಬಂದು ಕಂಬಳಿಯ ರಾಶಿಯ ಪಕ್ಕದಲ್ಲಿ ಕೂತು ಕೇಳಿದರು. “ಏನಪ್ಪಾ ನಿನ್ನ ಎಸ್ರು? ಅವತ್ತು ಕೇಳ್ಳೇ ಇಲ್ಲ.”

ನನ್ನ ಹೆಸರು ಶಿವಬಸಪ್ಪ. ಅದನ್ನು ಹೇಳಲು ಹೊರಟೆ. “ಶಿ... ಶಿ... ಶಿವ... ಶಿವ... ಶಿವ...” ಎನ್ನುವುದರಿಂದಾಚೆಗೆ ಹಲ್ಲು ಬಿಡಲಿಲ್ಲ.

ಅಜ್ಜಿ ಕೈಮುಗಿದರು. “ಪಾಪ, ಬಾಯ್ತುಂಬ ಸಿವನಾಮ. ಎಸ್ರು ಆಮ್ಯಾಕೆ ಏಳೀವಂತೆ, ಮೊದ್ಲು ಜಪ ಮುಗಿಸ್ಕೋ.”

ಆಮೇಲೆ ಅವರು ಎಲ್ಲರ ಮುಂದೆ ಕಂಬಳಿಯ ಅಂಚನ್ನು ಎತ್ತಿ ನನ್ನ ಮುಖ ನೋಡಿದರು. ಕತ್ತು ನೋಡಿದರು. ಅಂಗೈ ತಿರುಗಿಸಿ ನೋಡಿದರು. ಅಪ್ಪಾಜಿ ಗೆದ್ದವರ ಹಾಗೆ, “ನೋಡಿ ಅಜ್ಜಿ, ಮೈ ಬಣ್ಣ ಮೈ ಬಣ್ಣದ ಹಾಗೇ ಇದೆ” ಎಂದರು.

ಅಜ್ಜಿ ನನ್ನ ಅಂಗೈಯನ್ನು ಕಂಬಳಿಯೊಳಕ್ಕೆ ಸೇರಿಸಿದರು. ಆಮೇಲೆ ಬಾಯಿಬಿಟ್ಟರು. “ಬಸ್ಸಿಳಿದು ಬರ್ತಾ ನೋಡ್ದೆ ಕಣಪ್ಪ. ಟೇಸನ್ನಿನ ಪೋಲೀಸ್ನೋನು ಅಳದಿ. ಟಪಾಲ್ನೋನು ಅಳದಿ. ಮಠದಯ್ಯನೋರು ಅಳದಿ. ಎಮ್ಮೆ ಇಡ್ಕೊಂಡ್ ಓಗೋ ಮುದುಕಿ ಅಳದಿ. ಊರಿಗೂರೇ ಅರಿಸ್ನ ಸಾಸ್ತ್ರ ಆಗದೆ. ನೀವೇಳಿದ್ದು ಸುಳ್ಳಲ್ಲ. ಆದ್ರೆ ಇವನೊಬ್ಬ ಯಾಕೆ ಇಂಗವ್ನೆ? ಸರ್ಕಾರವೇ ಬ್ಯಾಡ ಅಂತ ಬಿಟ್ಟಿರೋ ಗಂಡಾ ಇವ್ನು?”

ಅಪ್ಪಾಜಿಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಮಾತ್ರೆ ಸಾಹೇಬರ ಎದುರಿನಲ್ಲಿ ಅಭ್ಯಾಸವಾಗಿ ಅದು ಚೆನ್ನಾಗಿಯೇ ತೆರೆದುಕೊಳ್ಳುತ್ತಿತ್ತು. ಅಜ್ಜಿ ಬರುತ್ತಾರೆಂದು ಅರಕಲಗೂಡಿನಿಂದ ಬಂದಿದ್ದ ಪುಟ್ಟಪ್ಪ ಮಾವ ಈ ಸಲ ನಗಲಿಲ್ಲ. “ನಿಮ್ಮ ಮಾತಿಗೇ ಅಜ್ಜಿ, ನೀವು ಹೇಳಿದ್ದಕ್ಕೇ ಮಾತ್ರೆ ಬಿಟ್ಟ. ಜ್ವರ ಬರುತ್ತೆ ಅಂತ ಸಾಹೇಬರು ಹೇಳಿದ್ರು. ಬಂದ್ರೆ ಬರಲಿ, ಆ ಹುಡುಗೀನೇ ಆಗಬೇಕು ಅಂತ ಬಿಟ್ಟ” ಎಂದರು. ಸೋದರಮಾವಂದಿರು ಜೀವನದಲ್ಲಿ ಒಂದು ಸಲ ನಿಜ ಹೇಳಿದರೆ ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ನಾನು ಕಂಬಳಿಯ ಕಿಂಡಿಯಿಂದಲೇ ಕಂಡೆ. ಅಜ್ಜಿಯ ಮುಖ ಮೆತ್ತಗಾಯಿತು. ನನ್ನ ಹಣೆಯ ಮೇಲೆ ಅಂಗೈ ಇಟ್ಟರು. ಕೊಬ್ಬರಿ ಬಿಡಿಸಿ ಬಿಡಿಸಿ ಒರಟಾದ ಅಂಗೈ. ಆ ಚಳಿಯಲ್ಲಿ ಕಂಬಳಿಗಳೆಲ್ಲವೂ ಮಾಡದ ಕೆಲಸವನ್ನು ಅದು ಮಾಡಿತು.

“ಉಚ್ಚು ಮುಂಡೇದೆ” ಎಂದರು ಪ್ರೀತಿಯಿಂದ. “ಕರೀರಿ ಆ ಮಾತ್ರೆಯೋನ್ನ. ನನ್ ಮುಂದೇನೇ ನುಂಗ್ಲಿ. ತಾಳಿ ಕಟ್ಟೋಗಂಟ ಒಂದು ದಿನ ತಪ್ಪಿಸ್ಕೂಡದು.” ಆಮೇಲೆ ಮಗನ ಕಡೆ ತಿರುಗಿ, ತಮ್ಮ ಪಿಸುಮಾತಿನಲ್ಲಿ, “ಅವತ್ತು ನಮ್ಮನೇಗೆ ಬಂದಾಗ್ಲೇ ಕಳೆಯಾಗಿದ್ದ ಕಣ್ಲಾ. ಈ ಬಣ್ಣ ಯಾವನಿಗ್ ಬೇಕು” ಎಂದರು.

ಮಾತ್ರೆ ಸಾಹೇಬರು ಬಂದರು. ನಾನು ನುಂಗಿದೆ. ಅವರು ಬಾಯಿ ಬಿಡು ಎನ್ನುವುದಕ್ಕೆ ಮೊದಲೇ ಅಜ್ಜಿ, “ನಾಲ್ಗೆ ಎತ್ತಪ್ಪ” ಎಂದು ತಾವೇ ಇಣುಕಿ ನೋಡಿದರು. ಅಷ್ಟು ಸಣ್ಣ ಹೊತ್ತಿನಲ್ಲಿ ಕೆಲಸ ಕಲಿತ ಮತ್ತೊಬ್ಬರನ್ನು ತಾವು ಇಲಾಖೆಯಲ್ಲಿ ಕಂಡಿಲ್ಲ ಎಂದು ಸಾಹೇಬರು ಹೇಳಿದರು.

ಮದುವೆ ಚನ್ನರಾಯಪಟ್ಟಣದಲ್ಲಿ ನಡೆಯಿತು. ಅರಿಶಿಣ ಹಚ್ಚುವುದಕ್ಕೆ ಬಂದ ಮುತ್ತೈದೆಯರು ನನ್ನನ್ನು ನೋಡಿ, ಇದರ ಮೇಲೆ ಹಚ್ಚಿದರೆ ಗೊತ್ತಾಗುವುದು ಹೇಗೆ ಎಂದು ಬಟ್ಟಲು ಹಿಡಿದುಕೊಂಡೇ ಚರ್ಚೆ ಮಾಡಿದರು. ಹೊಳೆನರಸೀಪುರದಿಂದ ಬಂದ ನಮ್ಮ ದಿಬ್ಬಣವೆಲ್ಲ ಒಂದೇ ಬಣ್ಣ. ಗಂಡು ಯಾರೆಂದು ಬಾಸಿಂಗ ನೋಡಿಯೇ ಗುರುತಿಸಬೇಕಾಗಿತ್ತು. ಸರ್ವಮಂಗಳೆ ನಮ್ಮೂರಿಗೆ ಬಂದ ಮಾರನೆಯ ದಿನವೇ ಸಾಲಿನಲ್ಲಿ ನಿಂತು, ಮುಖ ಕಿವಿಚದೆ ಮಾತ್ರೆ ನುಂಗಿ ನಾಲಿಗೆ ಎತ್ತಿದಳು. ಕೆಲವೇ ವಾರದಲ್ಲಿ ಅವಳೂ ನಮ್ಮವಳಾದಳು. ಸಂಜೆ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಕೂತ ನಮ್ಮ ಇಡೀ ಬೀದಿ, ಅಪ್ಪಾಜಿ, ಅವ್ವ, ಗೋಡೆಯ ಯಜಮಾನರು, ಎಲ್ಲರೂ ಒಂದೇ ಒಲೆಯ ಬೆಳಕಿನಲ್ಲಿ ಕೂತವರ ಹಾಗೆ ಕಾಣುತ್ತಿದ್ದರು. ಆ ಜನರಲ್ಲಿ ಬಹಳ ಮಂದಿ ಈಗ ಇಲ್ಲ. ಆದರೆ ಅವರನ್ನು ನೆನೆಸಿಕೊಂಡಾಗಲೆಲ್ಲ ನನ್ನ ಕಣ್ಣಿಗೆ ಅವರು ಬರುವುದು ಆ ಹಳದಿಯಲ್ಲೇ.

ಮುಂದೆ ಯುದ್ಧ ಮುಗಿಯಿತು. ಸೊಳ್ಳೆ ಸಾಯಲೆಂದು ಮನೆಯ ಗೋಡೆಗಳಿಗೆ ಔಷಧ ಹೊಡೆಯುವವರು ಬಂದರು. ಮಾತ್ರೆ ನಿಂತಿತು. ಸಾಹೇಬರು ಬೇರೆ ಊರಿಗೆ ವರ್ಗವಾಗಿ ಹೋದರು. ಊರು ತನ್ನ ಹಳೆಯ ಬಣ್ಣಗಳಿಗೆ ಮರಳಿತು. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಬರಿಮೈಯಲ್ಲಿ ಕೂತು ಅವರೆಕಾಳು ಅಳೆಯುತ್ತಿದ್ದೆ. ಅಜ್ಜಿ ನಂಜಮ್ಮನವರು ಮೊಮ್ಮಗಳನ್ನು ನೋಡಲು ಕೊಬ್ಬರಿಯ ಬುಟ್ಟಿಯೊಂದಿಗೆ ಬಂದು ಜಗುಲಿಯ ಮೇಲೆ ಉಸ್ಸೆಂದು ಕೂತರು. ಕಣ್ಣು ಆಗಲೇ ಮಂಜಾಗಿತ್ತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಏನಪ್ಪಾ, ಸಾವ್ಕಾರ್ರ ಮಗ ಇಲ್ವಾ? ಕೆಂಪುಕ್ಕವ್ನೆ, ಒಳ್ಳೆ ಅರಿಸ್ನದ ಕೊಂಬಿನಂಗೆ. ಓಗಿ ಕರಿಯಪ್ಪ” ಎಂದರು.

ನಾನು ಒಳಗೆ ಹೋದೆ. ಸರ್ವಮಂಗಳೆ ಒಳಕಲ್ಲಿನ ಮುಂದೆ ಕೂತಿದ್ದಳು. “ನಿಮ್ಮಜ್ಜಿ ಬಂದಿದ್ದಾರೆ. ನಿನ್ನ ಗಂಡನ್ನ ಕರೀಬೇಕಂತೆ. ಕೆಂಪಗಿರೋನು” ಎಂದೆ.

ಅವಳು ಗುಂಡುಕಲ್ಲು ನಿಲ್ಲಿಸಿ ನಿಧಾನವಾಗಿ ತಲೆ ಎತ್ತಿದಳು. ತುಟಿ ಕಚ್ಚಿಕೊಳ್ಳುವ ಕಷ್ಟವನ್ನೂ ಈಗ ಅವಳು ತೆಗೆದುಕೊಳ್ಳುತ್ತಿರಲಿಲ್ಲ. “ಅವರು ಮಾತ್ರೆ ಜೊತೇಲೇ ಹೋದ್ರು ಅಂತ ಹೇಳಿ. ಅವರ ಜಾಗಕ್ಕೆ ನೀವು ಬಂದಿದ್ದೀರ ಅಂತ ಹೇಳಿ” ಎಂದು ಮತ್ತೆ ರುಬ್ಬತೊಡಗಿದಳು.

ನಾನು ಹೊರಗೆ ಬಂದು, ಅಕ್ಷರ ಬಿಡದೆ ಹಾಗೆಯೇ ಹೇಳಿದೆ. ಅಜ್ಜಿ, ಬಡಪಾಯಿಯೊಬ್ಬನ ಕಷ್ಟಸುಖ ವಿಚಾರಿಸುವ ಧ್ವನಿಯಲ್ಲಿ, “ನಿನ್ನ ಕಾಯಮ್ಮಾಗಿ ಇಟ್ಕೊಂಡವ್ರಾ, ಇಲ್ಲಾ ಬದಲಿಗೆ ಬಂದಿದ್ದೀಯ?” ಎಂದು ಕೇಳಿದರು.

ಅದನ್ನು ಒಳಗಿನವರೇ ಹೇಳಬೇಕು ಎಂದೆ. ಒಳಗಿನವರು ಈಗ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ಕಾಯಂ ಎಂದು ಬಾಯಿಬಿಟ್ಟು ಇನ್ನೂ ಹೇಳಿಲ್ಲ.